ನೀರು ಕೇಳದ ಹಿತ್ತಿಲು

ಬನ್ನಕ್ಕ ಅನ್ನುವುದು ಅವಳ ಹೆಸರಲ್ಲ, ಬೀದಿಯ ಮಕ್ಕಳು ಇಟ್ಟದ್ದು. ಮೂಲೆಯ ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಂತು ಬನ್ನು, ಬ್ರೆಡ್ಡು ಬೇಯಿಸುವುದು ಅವಳ ಕೆಲಸ. ಬೀದಿ ಏಳುವ ಮೊದಲೇ ಎದ್ದು ಹೋಗಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಸೊಟ್ಟಗೆ ಉಬ್ಬಿದ, ಒಂದು ಪಕ್ಕ ಸೀದ ಬನ್ನುಗಳು ಅವಳ ಚೀಲದಲ್ಲಿರುತ್ತಿದ್ದವು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆಲ್ಲ ಒಂದೊಂದು. ಹಾಗೆ ಅಂಟಿಕೊಂಡ ಹೆಸರು ಮನೆಯೊಳಕ್ಕೂ ಬಂತು. ಅದು ಕಿವಿಗೆ ಬಿದ್ದಾಗಲೆಲ್ಲ ಅತ್ತೆ ಹೇಳುತ್ತಿದ್ದರು: "ಪಡಬಾರದ ಬನ್ನ ಪಟ್ಟವರನ್ನ ಕಂಡಿದೀನಿ. ಬನ್ನವನ್ನೇ ಸೊಸೆ ಮಾಡ್ಕೊಂಡವಳು ನಾನೊಬ್ಬಳೇ."

ಮೈಮೇಲಿನ ಮೈದಾ ತೊಳೆದುಕೊಂಡು, ಒಂದಿಷ್ಟು ತಿಂದು, ಬನ್ನಕ್ಕ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಬೇರೆಯವರಿಗೆ ರಾತ್ರಿ ಸಿಗುವ ನಿದ್ದೆ ಅವಳಿಗೆ ಮಧ್ಯಾಹ್ನ ಸಿಗುತ್ತಿತ್ತು. ಮಧ್ಯಾಹ್ನದ ನಿದ್ದೆಯ ಗುಣವೇ ಬೇರೆ. ಅದು ಪೂರ್ತಿ ಮುಳುಗಿಸುವುದಿಲ್ಲ, ತೇಲಿಸುತ್ತದೆ. ಪರದೆಯೊಳಗಿಂದ ಬೆಳಕು ಸೋಸಿ ಬರುತ್ತದೆ. ಬೀದಿಯ ಸೈಕಲ್ ಬೆಲ್ಲು ಕನಸಿನೊಳಗೆ ಹಕ್ಕಿಯಾಗುತ್ತದೆ. ಪಕ್ಕದ ಕೋಣೆಯಲ್ಲಿ ಅತ್ತೆ ತುಳಿಯುವ ಹೊಲಿಗೆ ಯಂತ್ರ ದೂರದ ರೈಲಾಗುತ್ತದೆ. ಆ ರೈಲಿನಲ್ಲಿ ಅವಳ ಗಂಡ ಇರುತ್ತಿದ್ದ. ಎಚ್ಚರದಲ್ಲೂ ಅವನು ರೈಲಿನಲ್ಲೇ ಇರುತ್ತಿದ್ದನೆನ್ನಿ. ಗೂಡ್ಸ್ ಗಾಡಿಯ ಡ್ರೈವರು, ಹೋದರೆ ಎರಡು ಮೂರು ದಿನ ಪತ್ತೆ ಇಲ್ಲ.

ಹೊತ್ತೆಲ್ಲ ಭಟ್ಟಿಯ ಕಾವು ಉಂಡ ಮೈ. ಹಾಗಾಗಿ ಅವಳ ಕನಸಿಗೆ ಬರುತ್ತಿದ್ದುದು ಹೆಚ್ಚಾಗಿ ತಂಪು ನೆಲ. ಅಂಚು ಕಾಣದಷ್ಟು ದೂರ ಹಸಿರು ಹರಡಿದೆ, ಅವಳು ಬರಿಗಾಲಲ್ಲಿ ನಡೆಯುತ್ತಿದ್ದಾಳೆ, ಎಲ್ಲಿಗೂ ಹೋಗಬೇಕಾಗಿಲ್ಲ. ಎದ್ದು ಹಿಂಬಾಗಿಲು ತೆರೆದರೆ ಕಾಣುವುದು ಬೇರೆ. ಗೋಡೆಯವರೆಗೆ ಇಳಿಜಾರಾಗಿ ಹೋದ ಬೋಳು ಹಿತ್ತಿಲು, ರೊಟ್ಟಿಯ ಮೇಲ್ಮೈಯಂತೆ ಸುಟ್ಟು ಬಿರಿದ ಮಣ್ಣು, ತುದಿಯಲ್ಲೊಂದು ಕಲ್ಲುಬೆಂಚು.

ಮದುವೆಯಾದ ಹೊಸತರಲ್ಲಿ ಅವಳು ಕನಸನ್ನು ಹಾಗೇ ನೆಲಕ್ಕಿಳಿಸಲು ಹೋದಳು. ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು ತರಿಸಿ ಹಿತ್ತಿಲ ತುಂಬ ಹಾಸಿದಳು. ಒಂದಷ್ಟು ತಿಂಗಳು ಅದು ಕನಸಿನ ಹಾಗೇ ಇತ್ತು. ದಿನಾ ಸಂಜೆ ಪೈಪು ಹಿಡಿದು ನಿಲ್ಲುವುದು, ವಾರಕ್ಕೊಮ್ಮೆ ಕತ್ತರಿಸುವುದು, ಗೊಬ್ಬರ, ಕಳೆ. ನಿದ್ದೆಗೆಂದು ಇದ್ದ ಹೊತ್ತನ್ನೆಲ್ಲ ಹುಲ್ಲು ಮೇಯಿತು. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರತೊಡಗಿತು, ಆಮೇಲೆ ಅದೂ ಇಲ್ಲ. ಹುಲ್ಲು ಹಳದಿಯಾಯಿತು, ಕಂದಾಯಿತು, ಒಂದು ಜೋರು ಗಾಳಿಗೆ ಸಿಪ್ಪೆಯಂತೆ ಎದ್ದು ಗೋಡೆಗೆ ಒರಗಿತು.

ಅತ್ತೆ ಕಿಟಕಿಯಿಂದ ನೋಡಿ, "ನೆಲಕ್ಕೆ ವಿಗ್ಗು ಹಾಕಿದ್ದೆ, ಹಾರಿಹೋಯ್ತು. ಬಿಡು, ಬೋಳುತಲೆಗೆ ನಾಚಿಕೆ ಇಲ್ಲ," ಅಂದರು.

ಬನ್ನಕ್ಕ ನಕ್ಕಳು, ಆದರೆ ಮೂರು ದಿನ ಹಿಂಬಾಗಿಲು ತೆರೆಯಲಿಲ್ಲ.

ಆಮೇಲೆ ಬಹಳ ವರ್ಷ ಹಿತ್ತಿಲು ಹಾಗೇ ಬಿದ್ದಿತ್ತು. ಗಾಳಿ ಬೀಸಿದರೆ ದೂಳು ಮನೆಯೊಳಗೆ ಬಂದು ಅತ್ತೆಯ ಹೊಲಿಗೆ ಬಟ್ಟೆಗಳ ಮೇಲೆ ಕೂರುತ್ತಿತ್ತು. ಅತ್ತೆ ಕೊಡವಿ ಕೊಡವಿ ಹೊಲಿಯುತ್ತಿದ್ದರು. ಅರ್ಧ ಬೀದಿಯ ಅಂಗಿ ಲಂಗಗಳೆಲ್ಲ ಅವರ ಕೈಯಿಂದಲೇ ಹೊರಟವು. ಅವರ ಬಟ್ಟೆ ಕತ್ತರಿಯನ್ನು ಆ ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ಗಂಡ ಒಮ್ಮೆ ಅದರಲ್ಲಿ ಹಗ್ಗ ಕತ್ತರಿಸಿ, ಮೀಸೆ ಬಂದ ವಯಸ್ಸಿನಲ್ಲಿ ಅಮ್ಮನಿಂದ ತಲೆಗೊಂದು ಪೆಟ್ಟು ತಿಂದಿದ್ದ.

ಅತ್ತೆಯ ಕಣ್ಣು ಮಂಜಾಗತೊಡಗಿದ್ದು ನಿಧಾನಕ್ಕೆ. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಸೂಜಿ, ಆಮೇಲೆ ಬಟ್ಟೆಯ ಬಣ್ಣ. ವೈದ್ಯರು ಎರಡು ಸಲ ನೋಡಿ, ಕಣ್ಣ ಹಿಂದಿನ ನರವೇ ಸೊರಗುತ್ತಿದೆ, ಮಾಡುವಂಥದ್ದು ಹೆಚ್ಚೇನಿಲ್ಲ ಎಂದರು. ಅತ್ತೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಕತ್ತರಿಯನ್ನು ದಿಂಬಿನ ಕೆಳಗಿಟ್ಟುಕೊಂಡು, ಹಗಲೆಲ್ಲ ಮಂಚದ ಮೇಲೆ ಕೂರತೊಡಗಿದರು. ಮಾತಿನ ಮೊನೆಯೂ ಮೊಂಡಾಯಿತು. ಅದೇ ಬನ್ನಕ್ಕನಿಗೆ ಹೆಚ್ಚು ಹೆದರಿಕೆಯಾದದ್ದು.

ಆ ದಿನಗಳಲ್ಲೇ ಅವಳಿಗೆ ಬೇಕರಿಯ ಹಿಂದೆ ಒಂದು ಗಿಡ ಕಂಡಿತು. ಆ ಜಾಗ ಭಟ್ಟಿಯ ಹೊಗೆಗೂಡಿನ ಬುಡ, ಕೈ ಇಟ್ಟರೆ ಚುರುಕ್ ಅನ್ನುವ ಗೋಡೆ. ಅಲ್ಲಿ ಗಾರೆಯ ಬಿರುಕಿನಲ್ಲಿ ಅಕ್ಕಿಕಾಳಿನಷ್ಟೇ ದಪ್ಪ ಎಲೆಗಳ ಒಂದು ಕುರುಚಲು ಗೋಡೆಗೆ ಮೈ ಒತ್ತಿಕೊಂಡು ಹರಡಿತ್ತು. ಹಿಂಡಿದರೆ ಎಲೆಯಲ್ಲಿ ನೀರು. ಅದಕ್ಕೆ ನೀರು ಹಾಕುವವರು ಯಾರೂ ಇರಲಿಲ್ಲ. ಅದು ಅಲ್ಲಿರುವುದೇ ಯಾರಿಗೂ ಗೊತ್ತಿರಲಿಲ್ಲ. ಅವಳು ಒಂದು ಚಿವುಟು ಕಿತ್ತು ಬನ್ನಿನ ಚೀಲದಲ್ಲಿ ಹಾಕಿಕೊಂಡಳು. ಮನೆಯ ಹಿಂಬಾಗಿಲ ಹತ್ತಿರ ಬಚ್ಚಲಿನ ಮೋರಿಯ ಪಕ್ಕ ಮಣ್ಣು ಕೆದಕಿ ಊರಿದಳು, ಮತ್ತೆ ಮರೆತಳು. ನೆನಪಾಗಿ ನೋಡುವಷ್ಟರಲ್ಲಿ ಅದು ತಟ್ಟೆಯಗಲವಾಗಿತ್ತು.

ಗಂಡ ಊಟಕ್ಕೆ ಕೂತಾಗ ಕೇಳಿದಳು: "ರೀ, ರೈಲುಕಂಬಿ ಪಕ್ಕ ಜಲ್ಲಿ ಮೇಲೆ ಏನಾದ್ರೂ ಬೆಳೆಯುತ್ತಾ?"

"ಬೆಳೆಯುತ್ತೆ. ಎಣ್ಣೆ, ಹೊಗೆ, ಬೆಂಕಿಯಂಥ ಬಿಸಿಲು, ಆದ್ರೂ ಬೆಳೆಯುತ್ತೆ. ಯಾಕೆ?"

"ತನ್ನಿ."

"ಗಂಡ ಊರಿಗೆ ಹೋದ್ರೆ ಒಡವೆ ತನ್ನಿ, ಬಟ್ಟೆ ತನ್ನಿ ಅನ್ನೋ ಹೆಂಡತೀರನ್ನ ಕಂಡಿದೀನಿ. ಕಳೆ ತನ್ನಿ ಅನ್ನೋಳು ನೀನೊಬ್ಬಳೇ ನೋಡು."

ಆದರೂ ತಂದ. ಸಿಗ್ನಲ್ಲಿಗೆ ಕಾಯುತ್ತ ಗಾಡಿ ನಿಂತಾಗ, ಅವನ ಸಹಾಯಕ ಇಳಿದು ಕಂಬಿಯ ಬದಿಯಿಂದ ಕಿತ್ತು ಕೊಡುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಸುತ್ತಿದ ತುಂಡುಗಳು ಊಟದ ಡಬ್ಬಿಯಲ್ಲಿ ಮನೆಗೆ ಬಂದವು. ನೆಲಕ್ಕಂಟಿ ಓಡುವ ನೆಲಹಿಪ್ಪಲಿ ಬಂತು. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ, ಗುಂಡುಸೂಜಿಯ ತಲೆಯಂಥ ಮಾಸಲು ಬಿಳಿ ಹೂವು. ಯಾವುದೋ ಸ್ಟೇಷನ್ನಿನ ಕಟ್ಟೆಯಿಂದ ಟೇಬಲ್ ರೋಸ್ ಬಂತು. ಎಲ್ಲವನ್ನೂ ಅವಳು ಮೋರಿಯ ಪಕ್ಕದಲ್ಲೇ ಊರಿದಳು. ಅದಕ್ಕಿಂತ ಮುಂದೆ ಹೋಗುವ ಧೈರ್ಯ ಇರಲಿಲ್ಲ. ಹುಲ್ಲಿನ ನೆನಪು ಇನ್ನೂ ಹಸಿಯಾಗಿತ್ತು.

ಒಂದು ಮಧ್ಯಾಹ್ನ ನಿದ್ದೆಯಲ್ಲಿ ಅವಳಿಗೆ ಯಾರೋ ಬಹಳ ದೂರದಿಂದ ಕರೆದಂತಾಯಿತು. ಕನಸಿರಬೇಕೆಂದು ಮಗ್ಗುಲಾದಳು. ಮತ್ತೆ ಕರೆ. ಎದ್ದು ನೋಡಿದರೆ ಅತ್ತೆಯ ಮಂಚ ಖಾಲಿ, ಹಿಂಬಾಗಿಲು ಹಾರುಹೊಡೆದಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹಿತ್ತಿಲ ನಟ್ಟನಡುವೆ ಅತ್ತೆ ಬರಿಗಾಲಲ್ಲಿ, ಎರಡೂ ಕೈ ಮುಂದೆ ಚಾಚಿ ನಿಂತಿದ್ದರು.

"ಅತ್ತೆ! ಒಬ್ಬರೇ ಯಾಕೆ ಬಂದ್ರಿ?"

"ಬೆಂಚಿನ ಮೇಲೆ ಕೂರೋಣ ಅಂತ. ನಿನ್ನ ನಿದ್ದೆ ಯಾಕೆ ಕೆಡಿಸಲಿ ಅಂತ." ಚಾಚಿದ ಕೈಗೆ ಸಿಕ್ಕ ಅವಳ ತೋಳನ್ನು ಬಿಗಿಯಾಗಿ ಹಿಡಿದರು. "ಮನೇಲಾದ್ರೆ ಗೋಡೆ ಇದೆ, ಹೊಸ್ತಿಲಿದೆ. ಇಲ್ಲಿ ಎಲ್ಲಿ ಕಾಲಿಟ್ರೂ ಒಂದೇ ಥರ. ಮುಂದೆ ಯಾವುದು, ಹಿಂದೆ ಯಾವುದು, ಏನೂ ಗೊತ್ತಾಗ್ಲಿಲ್ಲ."

ಬನ್ನಕ್ಕ ಕೈ ಹಿಡಿದು ಮನೆಯ ಕಡೆ ನಡೆಸಿಕೊಂಡು ಬಂದಳು. ಬಾಗಿಲ ಹತ್ತಿರ ಅತ್ತೆ ತಟ್ಟನೆ ನಿಂತರು. ಪಾದವನ್ನು ಅತ್ತಿತ್ತ ಆಡಿಸಿದರು.

"ಇದೇನೇ ಇದು, ತಣ್ಣಗೆ?"

"ಬೇಕರಿಯಿಂದ ತಂದ ಗಿಡ."

"ಮುತ್ತಿನ ಕಸೂತಿ ಹಾಕಿದ ಬಟ್ಟೆ ತುಳಿದ ಹಾಗಿದೆ." ಅತ್ತೆ ಇನ್ನೊಂದು ಹೆಜ್ಜೆ ಇಟ್ಟರು. ಅಲ್ಲಿ ನೆಲಹಿಪ್ಪಲಿ. "ಇದು ಬೇರೆ. ಒರಟು ಹತ್ತಿ." ಬಿಸಿಲಲ್ಲೇ ನಿಂತು, ಕಾಣದ ಕಣ್ಣನ್ನು ಅರ್ಧ ಮುಚ್ಚಿ, ಅವರು ಆ ಪುಟ್ಟ ಜಾಗದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದರು. ಆಮೇಲೆ ಬಹಳ ದಿನಗಳ ಹಿಂದೆ ಕಳೆದುಹೋಗಿದ್ದ ದನಿಯಲ್ಲಿ ಹೇಳಿದರು: "ಇಷ್ಟಗಲ ಹಾಕಿ ಬಿಟ್ಟಿದ್ದೀಯಲ್ಲ, ಏನು ಗೊಂಬೆಗೆ ಲಂಗ ಹೊಲೀತಿದ್ದೀಯಾ? ಪೂರ್ತಿ ಹಾಕು."

ಮಳೆಗಾಲಕ್ಕೆ ಮೊದಲು ಗಂಡ ರಜೆ ಹಾಕಿ ಗುದ್ದಲಿ ಹಿಡಿದ. ಮಣ್ಣು ಜಿಗುಟು, ನೀರು ನಿಂತರೆ ಇಂಥ ಗಿಡಗಳ ಬೇರು ಕೊಳೆಯುತ್ತದೆಂದು ಬನ್ನಕ್ಕ ಮೋರಿಯ ಪಕ್ಕ ಕೆಲವನ್ನು ಕಳೆದುಕೊಂಡು ಕಲಿತಿದ್ದಳು. ಹಾಗಾಗಿ ಅಗೆದ ಮಣ್ಣಿಗೆ ದಪ್ಪ ಮರಳು ಬೆರೆಸಿದರು. ಹಿಟ್ಟು ನಾದಿದ ಕೈ, ಹದ ಬೇಗ ಸಿಕ್ಕಿತು. ಯಾವುದು ಎಲ್ಲಿ ಎಂಬುದನ್ನು ಹೇಳಿದವರು ಬೆಂಚಿನ ಮೇಲೆ ಕೂತ ಅತ್ತೆ. ಬಾಗಿಲಿನಿಂದ ಬೆಂಚಿನವರೆಗೆ ನೆಲಹಿಪ್ಪಲಿ, ಎಷ್ಟು ತುಳಿದರೂ ಏಳುತ್ತದೆ. ಅದರ ಎರಡೂ ಬದಿಗೆ ಅಕ್ಕಿಕಾಳಿನ ಗಿಡ, ಕಾಲು ದಾರಿ ತಪ್ಪಿದರೆ ತಕ್ಷಣ ತಿಳಿಯಬೇಕು. ಗೋಡೆಯ ನೆರಳಿಗೆ ದೊಡ್ಡಪತ್ರೆ, ತಾಗಿದರೆ ಘಮ್ಮೆಂದು ಗೋಡೆ ಬಂತೆಂದು ಹೇಳುತ್ತದೆ. ಉರಿಬಿಸಿಲು ಬೀಳುವ ಇಳಿಜಾರಿಗೆ ಟೇಬಲ್ ರೋಸ್.

"ಅದು ನಿನಗೆ," ಅಂದರು ಅತ್ತೆ. "ಬಣ್ಣ ನೋಡೋ ಕಣ್ಣು ನಿನಗಿದೆಯಲ್ಲ."

ಗೇಣಿಗೊಂದರಂತೆ ತುಂಡುಗಳನ್ನು ಊರಿದರು. ಹೆಚ್ಚು ನೋಡಿಕೊಳ್ಳಬೇಕಿಲ್ಲದ ಹಿತ್ತಿಲನ್ನು ಮಾಡಲು ಮೊದಲ ವರ್ಷ ಎಷ್ಟು ನೋಡಿಕೊಳ್ಳಬೇಕೆಂಬುದು ಆಗ ಬನ್ನಕ್ಕನಿಗೆ ಗೊತ್ತಾಯಿತು. ಗಿಡಗಳ ನಡುವಿನ ಬರಿನೆಲಕ್ಕೆಲ್ಲ ಕಳೆ ನುಗ್ಗಿತು. ಸಂಜೆ ಸಂಜೆ ಕುಕ್ಕರಗಾಲಲ್ಲಿ ಕೂತು ಬೇರುಸಮೇತ ಕಿತ್ತಳು. ನೀರು ಮಾತ್ರ ದಿನಾ ಹಾಕಲಿಲ್ಲ. ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು. "ದಿನಾ ತುತ್ತು ಮಾಡಿ ಬಾಯಿಗಿಟ್ರೆ ಕೂಸು ಕೈ ಚಾಚೋದು ಕಲಿಯೋಲ್ಲ," ಎಂದು ಅತ್ತೆ ಪೈಪಿನ ಮೇಲೇ ಕೂತುಬಿಡುತ್ತಿದ್ದರು.

ಹಿತ್ತಿಲು ಹೀಗೆ ತೇಪೆ ಹಾಕಿದ ಅಂಗಿಯಂತಿದ್ದಾಗಲೇ ಮೈದುನ ಬಂದದ್ದು. ಅವನು ಬೇರೆ ಊರಿನಲ್ಲಿ ಕಟ್ಟಡ ಕಟ್ಟಿಸುವವನು. ಅಮ್ಮ ಕಾಲಿನಿಂದ ನೆಲ ತಡಕುತ್ತ ನಡೆಯುವುದನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನವೇ ಸಿಮೆಂಟಿನ ಮೂಟೆಗಳನ್ನು ತರಿಸಿ, ಒಬ್ಬ ಗಾರೆಯವನನ್ನೂ ಕರೆತಂದ.

"ಅತ್ತಿಗೆ, ಇದೆಲ್ಲ ಯಾಕೆ? ನುಣ್ಣಗೆ ಸಿಮೆಂಟು ಹಾಕಿಸಿಬಿಡ್ತೀನಿ. ನೀರಿಲ್ಲ, ಕಳೆ ಇಲ್ಲ, ಅಮ್ಮ ಎಡವೋ ಭಯ ಇಲ್ಲ."

ಬನ್ನಕ್ಕ ಅವನ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಕಳೆ ಕಿತ್ತು ಅವಳ ಸೊಂಟವೂ ಸೋತಿತ್ತು. ಅಷ್ಟರಲ್ಲಿ ಅತ್ತೆ ಬಾಗಿಲು ದಾಟಿ ಬಂದು, ಮೂಟೆಗಳನ್ನು ಕೈಯಲ್ಲಿ ತಡವಿ, ಒಂದರ ಮೇಲೆ ಕೂತರು.

"ಏಳಮ್ಮ, ಕೆಲಸ ಶುರುಮಾಡ್ಬೇಕು."

"ಮಾಡು. ನನ್ನಿಂದಾನೇ ಶುರುಮಾಡು. ಮೊದಲು ನನ್ನ ಕಾಲಿಗೆ ಸುರಿ."

"ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ ನಾನು ಹೇಳ್ತಿರೋದು?"

"ಗೊತ್ತು ಮಗ." ಅತ್ತೆ ಅವನ ಕೈ ಹುಡುಕಿ ಹಿಡಿದುಕೊಂಡರು. "ಕಣ್ಣಿಗೆ ಎಲ್ಲ ಕಡೆ ಒಂದೇ ಬೂದಿ ಬಣ್ಣ ಆಗಿಹೋಯ್ತು. ಇನ್ನು ಕಾಲಿಗೂ ಅದನ್ನೇ ಮಾಡ್ಬೇಡ."

ಗಾರೆಯವನು ಚಹಾ ಕುಡಿದು ಹೋದ. ಮೈದುನ ಆ ಸಂಜೆ ಪ್ಯಾಂಟು ಮಡಚಿ ಅತ್ತಿಗೆಯ ಪಕ್ಕ ಕೂತು ಕಳೆ ಕಿತ್ತ, ಜೊತೆಗೆ ಗೊತ್ತಿಲ್ಲದೆ ಒಂದಿಷ್ಟು ನೆಲಹಿಪ್ಪಲಿಯನ್ನೂ ಕಿತ್ತ. ಬಿಟ್ಟುಹೋದ ಮೂಟೆಗಳು ಮಳೆಗೆ ನೆನೆದು ಬಂಡೆಗಳಾದವು. ಇಳಿಜಾರಿನ ಮಣ್ಣು ಜಾರದಂತೆ ಅವನ್ನು ಗೋಡೆಯ ಹತ್ತಿರ ಉರುಳಿಸಿದರು. ದೊಡ್ಡಪತ್ರೆ ಅವುಗಳ ಮೇಲೂ ಹತ್ತಿತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣು ಕಾಣದಾಯಿತು. ದೂಳು ಏಳುವುದು ನಿಂತಿತು. ಕಳೆಗೆ ಜಾಗವಿರಲಿಲ್ಲ. ಬನ್ನಕ್ಕ ಬೇಕರಿಯಿಂದ ಬರುವ ಹೊತ್ತಿಗೆ ಇಳಿಜಾರಿನ ಟೇಬಲ್ ರೋಸ್ ಪೂರ್ತಿ ಅರಳಿರುತ್ತಿತ್ತು, ಕೆಂಪು, ಹಳದಿ, ಕಿತ್ತಳೆ. ನೋಡುತ್ತ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಹೋಗಿ ಮಲಗುತ್ತಿದ್ದಳು. ಎದ್ದು ಬರುವಾಗ ಹೂವೆಲ್ಲ ಮುದುಡಿ ಬರೀ ಹಸಿರು. ನೋಡಿದ್ದು ನಿಜವೋ ನಿದ್ದೆಯಲ್ಲಿ ಕಂಡದ್ದೋ ಎಂಬ ಅನುಮಾನ ಅವಳಿಗೆ ಎಷ್ಟೋ ಸಂಜೆ ಬಂದಿತ್ತು. ಆ ಅನುಮಾನ ಅವಳಿಗೆ ಇಷ್ಟವಾಗಿತ್ತು, ಬಗೆಹರಿಸಿಕೊಳ್ಳಲು ಹೋಗಲಿಲ್ಲ.

ಅತ್ತೆ ಈಗ ಯಾರನ್ನೂ ಕರೆಯದೆ ಬೆಂಚಿನವರೆಗೆ ಹೋಗಿ ಬರುತ್ತಿದ್ದರು. ಒಮ್ಮೆ ಮಾತ್ರ ಕಿರುಚಿದ್ದು ಕೇಳಿ ಬನ್ನಕ್ಕ ಓಡಿದಳು. ನೆಲಹಿಪ್ಪಲಿಯ ಹೂವಿಗೆ ಬಂದ ಜೇನುನೊಣ ಹೆಬ್ಬೆರಳಿಗೆ ಕಚ್ಚಿತ್ತು. ಇನ್ನು ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದು ಬನ್ನಕ್ಕ ಹೇಳಿದಳು. ಅತ್ತೆ ಒಪ್ಪಲಿಲ್ಲ. ಸಂಜೆ ಊದಿದ ಕಾಲು ಚಾಚಿ ಕೂತವರು, ದಿಂಬಿನ ಕೆಳಗಿಂದ ಬಟ್ಟೆ ಕತ್ತರಿ ತೆಗೆದು ಅವಳ ಮುಂದೆ ಚಾಚಿದರು.

"ದಾರಿಯಷ್ಟಗಲ ಹೂ ಕತ್ತರಿಸು. ಬದಿಯಲ್ಲಿರೋದು ಹಾಗೇ ಇರ್ಲಿ, ನೊಣಕ್ಕೂ ಹೊಟ್ಟೆ ಇದೆ."

ಬನ್ನಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಇದರಲ್ಲಾ? ಅಡುಗೆಮನೆ ಕತ್ತರಿ ಇದೆ ಅತ್ತೆ."

"ತಗೋ ಅಂದ್ರೆ ತಗೋ. ಇನ್ನು ಇದರಲ್ಲಿ ಯಾರು ಬಟ್ಟೆ ಕತ್ತರಿಸ್ತಾರೆ?" ಅತ್ತೆ ಹೇಳಿದ್ದು ಅಷ್ಟೇ, ಮುಖ ಆಚೆ ತಿರುಗಿತ್ತು. ಬನ್ನಕ್ಕ ಹಿತ್ತಿಲಿಗೆ ಹೋಗಿ, ಮಂಡಿಯೂರಿ, ಹೂವುಗಳನ್ನು ಒಂದೊಂದಾಗಿ ಕತ್ತರಿಸಿದಳು. ಕತ್ತರಿ ಎಷ್ಟು ಹರಿತವಾಗಿತ್ತೆಂದರೆ ಸದ್ದೇ ಬರುತ್ತಿರಲಿಲ್ಲ. ಅವಳು ಅಳುತ್ತಿದ್ದಳು, ಅದಕ್ಕೂ ಸದ್ದಿರಲಿಲ್ಲ.

ಆಮೇಲೊಂದು ವರ್ಷ ಮಳೆ ಬರಲೇ ಇಲ್ಲ. ಬೀದಿಯ ಹುಲ್ಲುಹಾಸುಗಳೆಲ್ಲ ಸತ್ತವು, ಗುಲಾಬಿಗಳು ಕಡ್ಡಿಯಾದವು. ಕುಡಿಯುವ ನೀರು ಹಿಡಿದಿಡುವುದೇ ದೊಡ್ಡ ಕೆಲಸವಾಯಿತು. ಹಿತ್ತಿಲಲ್ಲಿ ಅಕ್ಕಿಕಾಳಿನ ಗಿಡ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು, ದೊಡ್ಡಪತ್ರೆಯ ಎಲೆ ಕಿರಿದಾಗಿ ಗಡುಸಾಯಿತು, ನೆಲಹಿಪ್ಪಲಿ ಎಲೆ ಉದುರಿಸಿ ಬರೀ ದಾರದ ಬಲೆಯಂತೆ ಉಳಿಯಿತು. ಬನ್ನಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಹುಲ್ಲು ಗೋಡೆಗೊರಗಿದ ದಿನ ಕಣ್ಣಿಗೆ ಕಟ್ಟಿತು.

"ಎಲ್ಲ ಹೋಯ್ತು ಅತ್ತೆ."

ಅತ್ತೆ ಹೊರಗೆ ಬಂದರು. ಹೆಬ್ಬೆರಳಲ್ಲಿ ಒಂದು ಬಳ್ಳಿಯನ್ನು ಒತ್ತಿದರು, ಬಿಟ್ಟರು. ಇನ್ನೊಂದನ್ನು ಒತ್ತಿದರು.

"ಸತ್ತಿದ್ರೆ ಪುಡಿಯಾಗ್ತಿತ್ತು. ಇದು ಬಾಗ್ತಾ ಇದೆ. ನಿನ್ನ ಹಾಗೇ ಇದಕ್ಕೂ ಹಗಲುನಿದ್ದೆ. ಎಬ್ಬಿಸ್ಬೇಡ."

ಅವಳು ಎಬ್ಬಿಸಲಿಲ್ಲ. ಕೈಕಾಲು ತೊಳೆದ ನೀರನ್ನು ಕೂಡ ಒಮ್ಮೊಮ್ಮೆ ಮಾತ್ರ ಚೆಲ್ಲಿದಳು. ಕೊನೆಗೆ ಮಳೆ ಬಂದದ್ದು ಒಂದು ಮಧ್ಯಾಹ್ನ. ನಿದ್ದೆಯಲ್ಲಿ ಅವಳಿಗೆ ಯಾರೋ ಹಿಟ್ಟು ಜರಡಿ ಹಿಡಿಯುವ ಸದ್ದು ಕೇಳಿತು. ಕಣ್ಣು ಬಿಟ್ಟರೂ ಸದ್ದು ನಿಲ್ಲಲಿಲ್ಲ. ಅತ್ತೆ ಆಗಲೇ ಹಿತ್ತಿಲಲ್ಲಿ ತೊಯ್ಯುತ್ತ ನಿಂತಿದ್ದರು. ವಾರ ಕಳೆಯುವುದರೊಳಗೆ ದಾರದ ಗೆಣ್ಣುಗೆಣ್ಣಿನಿಂದಲೂ ಹಸಿರು ಕಣ್ಣು ಒಡೆಯಿತು. ಬೀದಿಯವರು ಗೋಡೆಯಾಚೆಯಿಂದ ಇಣುಕಿ, "ಬನ್ನಕ್ಕ, ಒಂದು ಚಿವುಟು ಕೊಡ್ತೀರಾ?" ಎಂದು ಕೇಳತೊಡಗಿದರು. ಬನ್ನಿನ ಚೀಲದಲ್ಲೇ ಕೊಟ್ಟಳು. ಇಂದಿಗೂ ಆ ಬೀದಿಯ ಹಲವು ಅಂಗಳಗಳಲ್ಲಿ ರೈಲುಕಂಬಿಯ ಕಳೆ ಹಬ್ಬಿದೆ.

ಅತ್ತೆ ತೀರಿಕೊಂಡದ್ದು ಇನ್ನೂ ಕೆಲವು ವರ್ಷಗಳ ಮೇಲೆ, ಚಳಿಗಾಲದಲ್ಲಿ, ಜ್ವರ ಬಂದು, ಹೆಚ್ಚು ನರಳದೆ. ಹಿತ್ತಿಲಲ್ಲಿ ಅವರ ದಾರಿ ಉಳಿದಿತ್ತು. ಬಾಗಿಲಿನಿಂದ ಬೆಂಚಿನವರೆಗೆ, ನಿತ್ಯ ತುಳಿದು ತುಳಿದು ನೆಲಹಿಪ್ಪಲಿ ತಗ್ಗಾಗಿ, ಹೂವಿಲ್ಲದೆ ಬೆಳೆದ ಒಂದು ಸಣ್ಣ ಪಟ್ಟಿ. ಬನ್ನಕ್ಕ ಅದು ಅಳಿಯಬಾರದೆಂದು ದಿನಾ ಸಂಜೆ ಅದರ ಮೇಲೆ ನಡೆದಳು. ಆದರೆ ಅವಳ ಹೆಜ್ಜೆ ಉದ್ದ, ಅತ್ತೆಯದು ಗಿಡ್ಡ; ತುಳಿದಲ್ಲೇ ತುಳಿಯಲು ಆಗುತ್ತಿರಲಿಲ್ಲ. ಮಳೆಗಾಲ ಬಂತು. ಬಳ್ಳಿ ಎದ್ದಿತು, ಬದಿಯ ಅಕ್ಕಿಕಾಳಿನ ಗಿಡದ ಮೇಲೂ ಹರಿಯಿತು. ಒಂದು ದಿನ ಅವಳು ಬಾಗಿಲಲ್ಲಿ ನಿಂತು ಹುಡುಕಿದಳು. ದಾರಿ ಎಲ್ಲಿತ್ತೆಂದು ತಿಳಿಯಲಿಲ್ಲ. ಹಿತ್ತಿಲ ತುಂಬ ಮಾಸಲು ಬಿಳಿ ಹೂವು, ಅದರ ಮೇಲೆಲ್ಲ ಜೇನುನೊಣ. ಎದೆಯಲ್ಲಿ ಏನೋ ಸಡಿಲವಾದಂತಾಯಿತು. ನೋವೋ ಹಗುರವೋ ಹೇಳಲಾಗದು. ಅವಳು ಮತ್ತೆ ಆ ಪಟ್ಟಿಯನ್ನು ತುಳಿಯಲಿಲ್ಲ.

ಈಗ ಗಂಡ ನಿವೃತ್ತನಾಗಿ ಮನೆಯಲ್ಲಿದ್ದಾನೆ. ಅದೊಂದು ಹೊಸ ತೊಂದರೆ. ಬದುಕೆಲ್ಲ ಓಡಿದವನಿಗೆ ಸುಮ್ಮನೆ ಕೂರಲು ಬಾರದು. ಅವಳು ಮಲಗಿದ ಹೊತ್ತು ನೋಡಿ ಹಿತ್ತಿಲಿಗೆ ಪೈಪು ಹಿಡಿದುಬಿಡುತ್ತಾನೆ. ಕಳೆದ ತಿಂಗಳು ಅಕ್ಕಿಕಾಳಿನ ಗಿಡ ಒಂದು ಮೂಲೆಯಲ್ಲಿ ಕೊಳೆತು ಕಪ್ಪಾಯಿತು. ಅವಳು ಪೈಪನ್ನು ಅಡಗಿಸಿಟ್ಟಳು. ಅವನು ಚೊಂಬಿನಲ್ಲಿ ಹಾಕಿದ.

"ರೀ, ಬೇಡ ಅಂದೆನಲ್ಲ!"

"ಪಾಪ, ಒಣಗಿದೆ ಅನ್ನಿಸ್ತು."

"ಅದು ಕೇಳ್ತಾ?"

"ಕೇಳಲಿಲ್ಲ," ಅವನು ಚೊಂಬು ಕೆಳಗಿಟ್ಟ. "ಇಲ್ಲಿ ಮಾಡೋಕೆ ಏನೂ ಇಲ್ವಲ್ಲೇ."

"ಅದಕ್ಕೇ ಬೆಳೆಸಿದ್ದು. ಚಪ್ಪಲಿ ಬಿಟ್ಟು ಬನ್ನಿ."

ಅವನು ಚಪ್ಪಲಿ ಬಿಟ್ಟ. ಬಿಸಿ ಎಂಜಿನ್ನಿನ ಕಬ್ಬಿಣದ ನೆಲದ ಮೇಲೆ ಬೂಟಿನೊಳಗೇ ವರ್ಷ ಕಳೆದ ಪಾದಗಳು ಬೆಳ್ಳಗೆ, ಮೆತ್ತಗೆ, ಬೇರೆ ಯಾರದೋ ಎನ್ನುವಂತಿದ್ದವು. ಎರಡು ಹೆಜ್ಜೆ ನಡೆದು, ಕಚಗುಳಿಯಾಗಿ, ಹುಡುಗನಂತೆ ನಕ್ಕ. ಇಬ್ಬರೂ ಗೋಡೆಯ ನೆರಳಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವನು ಅಲ್ಲೇ ಕಾಲು ಚಾಚಿ, ತೋಳಿನ ಮೇಲೆ ತಲೆಯಿಟ್ಟು ಮಲಗಿದ. ಬನ್ನಕ್ಕ ಅವನ ಬಾಯಿಯ ಹತ್ತಿರ ಬಂದ ಒಂದು ನೊಣವನ್ನು ಕೈಯಲ್ಲಿ ಮೆಲ್ಲಗೆ ಅಟ್ಟಿದಳು.